ಹಳೆಯ ಸ್ಪೋರ್ಟ್ಸ್ ಕಾರು, ಟ್ರ್ಯಾಕ್ ಡೇ ಸಿದ್ಧತೆ: ಮಾಜ್ದಾ ಎಂಎಕ್ಸ್-5 ಮುಖ್ಯಾಂಶಗಳು

ಬ್ರೇಕ್, ಕೂಲಿಂಗ್, ಸಸ್ಪೆನ್ಷನ್, ಟೈರು. ಆಟೊಮೊಬೈಲ್ ಡಿಪ್ಲೊಮಾ ಮತ್ತು ಐಟಿಐ ಮೋಟಾರ್ ಮೆಕ್ಯಾನಿಕ್ ಪಠ್ಯದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು. ನಾಲ್ಕರ ಮೇಲೂ ಒಂದೇ ಹೊತ್ತಿನಲ್ಲಿ ಪೂರ್ತಿ ಹೊರೆ ಬೀಳುವ ಜಾಗ ರೇಸ್ ಟ್ರ್ಯಾಕ್. 30 ವರ್ಷ ದಾಟಿದ ಒಂದು ಕಾರನ್ನು ಉದಾಹರಣೆಯಾಗಿ ಇಟ್ಟುಕೊಂಡು, ಟ್ರ್ಯಾಕಿಗೆ ಇಳಿಸುವ ಮುನ್ನ ಅದರಲ್ಲಿ ಏನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಇಲ್ಲಿ ಕೊಟ್ಟಿದೆ. ಅಂಕಿಗಳನ್ನು ಬಾಯಿಪಾಠ ಮಾಡಿದರೆ ಸಾಲದು, ಪ್ರತಿ ಅಂಕಿಯ ಹಿಂದಿನ ಕಾರಣವೂ ತಿಳಿದಿರಬೇಕು. ಐದು ಅಂಕದ ಪ್ರಶ್ನೆ ಬರುವುದು ಕಾರಣದ ಮೇಲೆಯೇ.

ಟ್ರ್ಯಾಕ್ ಡೇ

ಸ್ವಂತ ಕಾರನ್ನು ಮುಚ್ಚಿದ ರೇಸ್ ಟ್ರ್ಯಾಕಿನಲ್ಲಿ, ಶುಲ್ಕ ಕೊಟ್ಟು, ನಿಯಮಕ್ಕೆ ಒಳಪಟ್ಟು ಓಡಿಸುವ ದಿನವೇ ಟ್ರ್ಯಾಕ್ ಡೇ. ಇದು ಸ್ಪರ್ಧೆಯಲ್ಲ. ಬ್ರಿಟನ್ನಿನ ಬಹುತೇಕ ಟ್ರ್ಯಾಕ್ ಡೇಗಳಲ್ಲಿ ಲ್ಯಾಪಿನ ಸಮಯ ಅಳೆಯುವುದಕ್ಕೇ ಅನುಮತಿ ಇರುವುದಿಲ್ಲ. ಮುಂದಿನ ಕಾರಿನವರು ದಾರಿ ಬಿಟ್ಟಾಗ, ನಿಗದಿಯಾದ ಕಡೆಯಲ್ಲಿ ಮಾತ್ರ ಓವರ್‌ಟೇಕ್ ಮಾಡಬೇಕು. ಸಾಮಾನ್ಯ ವಾಹನ ವಿಮೆ ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಅನ್ವಯಿಸುವುದಿಲ್ಲ. ಆ ದಿನದ ಮಟ್ಟಿಗೆ ಬೇರೆ ವಿಮೆ ಮಾಡಿಸಿಕೊಳ್ಳುವವರು ಇದ್ದಾರೆ.

ಜರ್ಮನಿಯ ನೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಇದಕ್ಕಿಂತ ಭಿನ್ನ. 20.832 ಕಿ.ಮೀ. ಉದ್ದದ ಈ ಟ್ರ್ಯಾಕು ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಏಕಮುಖ ಟೋಲ್ ರಸ್ತೆಯಾಗಿರುತ್ತದೆ, ಆಗ ಜರ್ಮನಿಯ ರಸ್ತೆ ನಿಯಮಗಳೇ ಅಲ್ಲಿ ನಡೆಯುತ್ತವೆ.

ಭಾರತದಲ್ಲಿ ನೆನಪಿಡಬೇಕಾದ ಟ್ರ್ಯಾಕುಗಳು ಮೂರು:
• ಚೆನ್ನೈ ಬಳಿಯ ಇರುಂಗಟ್ಟುಕೋಟೆ: 3.7 ಕಿ.ಮೀ., ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನದು.
• ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ: 2.1 ಕಿ.ಮೀ., ರೇಸ್ ಚಾಲಕ ಎಸ್. ಕರಿವರ್ಧನ್ ಹೆಸರಿನಲ್ಲಿದೆ.
• ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್: 5.125 ಕಿ.ಮೀ., 2011ರಲ್ಲಿ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆದದ್ದು ಇಲ್ಲಿ.

ಬೆಂಗಳೂರಿನ ಹವ್ಯಾಸಿಗಳಿಗೆ ಇರುಂಗಟ್ಟುಕೋಟೆ ಸುಮಾರು 300 ಕಿ.ಮೀ. ದೂರ. ಕಾರನ್ನು ಅಲ್ಲಿಗೆ ಓಡಿಸಿಕೊಂಡು ಹೋಗಿ, ಟ್ರ್ಯಾಕಿನಲ್ಲಿ ದುಡಿಸಿ, ಅದೇ ಕಾರಿನಲ್ಲಿ ಮನೆಗೆ ಮರಳಬೇಕು. ಸಿದ್ಧತೆಯ ಲೆಕ್ಕಾಚಾರದಲ್ಲಿ ಮರಳುವ ದಾರಿಯೂ ಸೇರಿರಬೇಕು.

ಕಾರಿನ ಪರಿಚಯ

ನಮ್ಮಲ್ಲಿ ಮಾಜ್ದಾ ಎಂದರೆ ಬಹಳ ಮಂದಿಗೆ ನೆನಪಾಗುವುದು ಸ್ವರಾಜ್ ಮಾಜ್ದಾ ಮಿನಿ ಬಸ್ಸು, ಲಾರಿ. ಅದೇ ಜಪಾನಿ ಕಂಪನಿ ಹಿರೋಷಿಮಾದಲ್ಲಿ ತಯಾರಿಸಿದ ಎರಡು ಸೀಟಿನ, ಮೇಲ್ಛಾವಣಿ ಮಡಚುವ ಪುಟ್ಟ ಕಾರು ಎಂಎಕ್ಸ್-5. ಅಮೆರಿಕದಲ್ಲಿ ಇದು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಇಂಥದ್ದೊಂದು ಕಾರು ಬೇಕೆಂದು 1979ರಲ್ಲಿ ಮಾಜ್ದಾದ ಕೆನಿಚಿ ಯಮಮೊಟೊ ಅವರಿಗೆ ಸೂಚಿಸಿದವರು ಅಮೆರಿಕದ ವಾಹನ ಪತ್ರಕರ್ತ ಬಾಬ್ ಹಾಲ್. ಯೋಜನೆಯ ಮುಖ್ಯಸ್ಥರಾಗಿದ್ದವರು ತೊಶಿಹಿಕೊ ಹಿರಾಯಿ. ಮೊದಲ ಪ್ರದರ್ಶನ 1989ರ ಫೆಬ್ರುವರಿಯಲ್ಲಿ, ಷಿಕಾಗೊ ಆಟೊ ಷೋದಲ್ಲಿ.

ಮೊದಲ ಪೀಳಿಗೆಯ ಸಂಕೇತ ಎನ್‌ಎ. ಅವಧಿ 1989ರಿಂದ 1997. ಬಳಸದಿದ್ದಾಗ ಬಾನೆಟ್ಟಿನೊಳಗೆ ಮಡಚಿಕೊಳ್ಳುವ ಹೆಡ್‌ಲೈಟು ಇದರ ಗುರುತು. ಈ ಬರಹದ ಅಂಕಿಗಳೆಲ್ಲ ಈ ಪೀಳಿಗೆಗೆ ಸೇರಿದವು.

• ಎಂಜಿನ್: 1,597 ಸಿಸಿ, ನಾಲ್ಕು ಸಿಲಿಂಡರ್, ಎರಡು ಕ್ಯಾಮ್‌ಶಾಫ್ಟ್, 16 ವಾಲ್ವ್, ಸುಮಾರು 115 ಅಶ್ವಶಕ್ತಿ. 1994ರ ಮಾದರಿಯಿಂದ 1,839 ಸಿಸಿ ಎಂಜಿನ್ ಬಂತು.
• ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ತೂಕ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ.
• ವೀಲ್‌ಬೇಸ್ 2,265 ಮಿ.ಮೀ. ತೂಕ ಒಂದು ಟನ್‌ಗಿಂತ ಕೊಂಚ ಕಡಿಮೆ. ಬಾನೆಟ್ಟು ಅಲ್ಯುಮಿನಿಯಮ್ಮಿನದು.
• ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ನಾಲ್ಕಕ್ಕೂ ಡಿಸ್ಕ್ ಬ್ರೇಕ್.

ಎಲ್ಲ ಪೀಳಿಗೆಗಳೂ ಸೇರಿ 10 ಲಕ್ಷದ ಕಾರು ತಯಾರಾದದ್ದು 2016ರ ಏಪ್ರಿಲಿನಲ್ಲಿ. ಅಮೆರಿಕದಲ್ಲಿ ಈ ಕಾರಿಗೆಂದೇ ಸ್ಪೆಕ್ ಮಿಯಾಟಾ ಎಂಬ ರೇಸ್ ವರ್ಗವಿದೆ. ಬಿಡಿಭಾಗ ಸುಲಭವಾಗಿ ಸಿಗುವುದರಿಂದಲೂ, ಯಾವ ಭಾಗ ಎಲ್ಲಿ ಸೋಲುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವುದರಿಂದಲೂ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಹಳೆಯ ಕಾರು ಸಿಗುವುದು ಕಷ್ಟ. ಎನ್‌ಎ ಪೀಳಿಗೆಗಾಗಿ ಮಾಜ್ದಾ ಕಂಪನಿಯೇ 2018ರಲ್ಲಿ ಜಪಾನಿನಲ್ಲಿ ಪುನರುಜ್ಜೀವನ ಸೇವೆ ಆರಂಭಿಸಿ, ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸಿತು.

ಮೂಲ ವಿಚಾರ: ಬಿಸಿ ಮತ್ತು ವಯಸ್ಸು

ರಸ್ತೆಯಲ್ಲಿ ಕಾರು ತನ್ನ ಪೂರ್ಣ ಶಕ್ತಿಯನ್ನು ಬಳಸುವುದು ಕೆಲವು ಸೆಕೆಂಡು ಮಾತ್ರ. ಟ್ರ್ಯಾಕಿನಲ್ಲಿ ಒಂದು ಸರದಿ 15ರಿಂದ 20 ನಿಮಿಷ. ಅಷ್ಟು ಹೊತ್ತೂ ಕಾಲು ಒಂದೋ ಆಕ್ಸಿಲರೇಟರಿನ ಮೇಲೆ, ಇಲ್ಲವೇ ಬ್ರೇಕಿನ ಮೇಲೆ. ಹುಟ್ಟಿದ ಬಿಸಿಯನ್ನು ಹೊರಹಾಕಲು ಬಿಡುವೇ ಸಿಗುವುದಿಲ್ಲ. ಇನ್ನೊಂದು ಕಡೆ, 30 ವರ್ಷದ ಕಾರಿನ ರಬ್ಬರು ಗಟ್ಟಿಯಾಗಿರುತ್ತದೆ, ಪ್ಲಾಸ್ಟಿಕ್ಕು ಪೆಡಸಾಗಿರುತ್ತದೆ, ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಟ್ರ್ಯಾಕಿನಲ್ಲಿ ಕೆಡುವ ಹಳೆಯ ಕಾರುಗಳಲ್ಲಿ ಬಹುಪಾಲು ಕೆಡುವುದು ಈ ಎರಡೂ ಒಂದೇ ಭಾಗದಲ್ಲಿ ಕೂಡಿದಾಗ. ಹಾಗಾಗಿ ಕೆಲಸದ ಕ್ರಮ ಹೀಗಿರಬೇಕು: ಮೊದಲು ನಿಲ್ಲುವ ವ್ಯವಸ್ಥೆ, ನಂತರ ತಂಪಾಗುವ ವ್ಯವಸ್ಥೆ, ಆಮೇಲೆ ಹಿಡಿತ. ಎಂಜಿನ್ ಶಕ್ತಿ ಹೆಚ್ಚಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಶಕ್ತಿ ಹೆಚ್ಚಿದಷ್ಟೂ ಮೊದಲ ಮೂರರ ಮೇಲೆ ಬೀಳುವ ಬಿಸಿಯೂ ಹೆಚ್ಚುತ್ತದೆ.

ಬ್ರೇಕ್

ಲೆಕ್ಕದಿಂದಲೇ ಶುರು ಮಾಡೋಣ. ಚಾಲಕನೂ ಸೇರಿ 1,080 ಕೆ.ಜಿ. ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 44.4 ಮೀಟರಿನಿಂದ 22.2 ಮೀಟರಿಗೆ. ಚಲನಶಕ್ತಿಯ ಸೂತ್ರ ಹಾಕಿದರೆ ಮೊದಲು 1,067 ಕಿಲೋಜೂಲ್, ಆಮೇಲೆ 267 ಕಿಲೋಜೂಲ್. ವ್ಯತ್ಯಾಸ 800 ಕಿಲೋಜೂಲ್. ವೇಗ ಅರ್ಧವಾದರೆ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಉಳಿದ ಮುಕ್ಕಾಲು ಭಾಗ ಬಿಸಿಯಾಗಿ ಬ್ರೇಕಿಗೆ ಹೋಗುತ್ತದೆ.

ಇದರಲ್ಲಿ ಶೇ 70ರಷ್ಟನ್ನು ಮುಂದಿನ ಬ್ರೇಕುಗಳು ಹೊರುತ್ತವೆ ಎಂದರೆ ಒಂದೊಂದು ಡಿಸ್ಕಿಗೆ 280 ಕಿಲೋಜೂಲ್. ಡಿಸ್ಕಿನ ತೂಕ 4 ಕೆ.ಜಿ., ಎರಕದ ಕಬ್ಬಿಣದ ವಿಶಿಷ್ಟೋಷ್ಣ ಕೆ.ಜಿ.ಗೆ ಡಿಗ್ರಿಯೊಂದಕ್ಕೆ ಸುಮಾರು 0.46 ಕಿಲೋಜೂಲ್ ಎಂದಿಟ್ಟುಕೊಂಡರೆ, ಒಂದೇ ಸಲ ಬ್ರೇಕ್ ಒತ್ತಿದಾಗ ಡಿಸ್ಕಿನ ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮುಂದಿನ ತಿರುವಿಗೆ ಮುನ್ನ ಅದು ಪೂರ್ತಿ ಆರುವುದಿಲ್ಲ. ಮತ್ತೆ ಒತ್ತಬೇಕು, ಮತ್ತೆ ಏರುತ್ತದೆ.

ಬಿಸಿಯಾದ ಬ್ರೇಕು ಕೈಕೊಡುವ ಬಗೆ ಎರಡು. ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿದಿರಬೇಕು.

ಮೊದಲನೆಯದು ಪ್ಯಾಡ್ ಫೇಡ್. ಪ್ಯಾಡಿನ ವಸ್ತು ತನ್ನ ಉಷ್ಣಮಿತಿ ದಾಟಿ ಘರ್ಷಣೆ ಕಳೆದುಕೊಳ್ಳುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಎರಡನೆಯದು ಬ್ರೇಕ್ ಆಯಿಲ್ ಕುದಿಯುವುದು. ಕ್ಯಾಲಿಪರಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹೀಗಾಗಿ ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ. ಪೆಡಲು ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ತಪ್ಪು ಪ್ಯಾಡಿನದು, ಪೆಡಲೇ ಮೆತ್ತಗಾದರೆ ತಪ್ಪು ಆಯಿಲಿನದು. ಎರಡನೆಯದು ಹೆಚ್ಚು ಅಪಾಯಕಾರಿ, ಯಾಕೆಂದರೆ ಹಿಂದಿನ ತಿರುವಿನಲ್ಲಿ ಸರಿಯಾಗಿದ್ದ ಪೆಡಲು ಮುಂದಿನ ತಿರುವಿನಲ್ಲಿ ಇಲ್ಲವಾಗಬಹುದು.

ಬ್ರೇಕ್ ಆಯಿಲಿನ ಕನಿಷ್ಠ ಕುದಿಬಿಂದು (ಡಿಗ್ರಿ ಸೆಲ್ಸಿಯಸ್):
• ಡಾಟ್ 3: ಹೊಸದು 205, ತೇವ ಹೀರಿದ್ದು 140
• ಡಾಟ್ 4: ಹೊಸದು 230, ತೇವ ಹೀರಿದ್ದು 155
• ಡಾಟ್ 5.1: ಹೊಸದು 260, ತೇವ ಹೀರಿದ್ದು 180
• ಡಾಟ್ 5: ಅಂಕಿ 5.1ರದ್ದೇ, ಆದರೆ ಇದು ಸಿಲಿಕೋನ್ ಮೂಲದ್ದು. ಉಳಿದವುಗಳ ಜೊತೆ ಬೆರೆಸಲೇಬಾರದು.

ತೇವ ಹೀರಿದ್ದು ಎಂದರೆ ಶೇ 3.7ರಷ್ಟು ನೀರು ಸೇರಿದ ಆಯಿಲ್. ಡಾಟ್ 3, 4 ಮತ್ತು 5.1 ಗ್ಲೈಕಾಲ್ ಮೂಲದವು, ಗಾಳಿಯ ತೇವವನ್ನು ಹೀರಿಕೊಳ್ಳುವುದು ಅವುಗಳ ಗುಣ. ವರ್ಷಗಟ್ಟಲೆ ಬದಲಿಸದ ಡಾಟ್ 4, ಹೊಸ ಡಾಟ್ 3ಕ್ಕಿಂತ ಬೇಗ ಕುದಿಯುವುದು ಇದರಿಂದಲೇ. ಟ್ರ್ಯಾಕಿಗೆಂದು ಮಾರುವ ಡಾಟ್ 4 ವರ್ಗದ ರೇಸಿಂಗ್ ಆಯಿಲುಗಳ ಹೊಸ ಕುದಿಬಿಂದು 300 ಡಿಗ್ರಿ ದಾಟುತ್ತದೆ. ಟ್ರ್ಯಾಕ್ ಡೇಗೆ ಮುನ್ನ ಹಳೆಯ ಆಯಿಲನ್ನು ಪೂರ್ತಿ ಹೊರತೆಗೆದು ಹೊಸದು ತುಂಬುವುದು ಕಡಿಮೆ ಖರ್ಚಿನಲ್ಲಿ ಸಿಗುವ ಅತಿ ದೊಡ್ಡ ಸುರಕ್ಷತೆ.

ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರಕ್ಕೆ ಬರಬೇಕು. ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಹಾಕಿ ಬಾಟಲಿಗೆ ಇಳಿಸಿದರೆ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಮೊದಲು ಬರುವುದು ಕಾಫಿ ಡಿಕಾಕ್ಷನ್ ಬಣ್ಣದ ಹಳೆಯ ಆಯಿಲು, ನಡುನಡುವೆ ಸಣ್ಣ ಗುಳ್ಳೆ, ಕೊನೆಗೆ ತಿಳಿ ಹಳದಿಯ ಹೊಸ ಆಯಿಲು. ಒಬ್ಬರು ಪೆಡಲು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ನಿಪ್ಪಲು ಸಡಿಲಿಸಬೇಕು, ಅದನ್ನು ಬಿಗಿ ಮಾಡಿದ ಮೇಲೆಯೇ ಪೆಡಲು ಬಿಡಬೇಕು. ಈ ನಡುವೆ ಮೇಲಿನ ಡಬ್ಬಿ ಖಾಲಿಯಾದರೆ ಮತ್ತೆ ಗಾಳಿ ಒಳಸೇರುತ್ತದೆ. ಚೆಲ್ಲಿದ ಬ್ರೇಕ್ ಆಯಿಲು ಪೇಂಟನ್ನು ತಿನ್ನುತ್ತದೆ, ಬಿದ್ದ ಕೂಡಲೇ ನೀರು ಹಾಕಿ ತೊಳೆಯಬೇಕು.

ಎನ್‌ಎ ಕಾರಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಹಿಂದಿನ ಕ್ಯಾಲಿಪರು. ಹ್ಯಾಂಡ್‌ಬ್ರೇಕಿನ ಯಂತ್ರಭಾಗ ಕ್ಯಾಲಿಪರಿನೊಳಗೇ ಇರುವುದರಿಂದ ತುಕ್ಕು ಹಿಡಿದು ಜಾಮ್ ಆಗುವುದು ಸಾಮಾನ್ಯ. ಜಾಕ್ ಸ್ಟ್ಯಾಂಡಿನ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಒಮ್ಮೆ ಎಳೆದು ಬಿಟ್ಟು, ಎರಡೂ ಹಿಂಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ಬಿಗಿಯಾಗಿದ್ದರೆ ಆ ಕಡೆಯ ಕ್ಯಾಲಿಪರು ಬಿಡುತ್ತಿಲ್ಲ. ಪ್ಯಾಡು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿಯೇ ಹೋಗಬೇಕು, ತೆಳುವಾದ ಪ್ಯಾಡು ಬಿಸಿಯನ್ನು ತಡೆಯದೆ ನೇರ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ದಾಟಿಸುತ್ತದೆ. ಮೂಲ ರಬ್ಬರ್ ಹೋಸುಗಳು ಇನ್ನೂ ಇದ್ದರೆ ಅವನ್ನೂ ಬದಲಿಸಿ. ಮುಂದಿನ ಡಿಸ್ಕಿನ ವ್ಯಾಸ 1.6 ಲೀಟರ್ ಕಾರಿನಲ್ಲಿ 235 ಮಿ.ಮೀ., 1.8ರಲ್ಲಿ ಸುಮಾರು 255 ಮಿ.ಮೀ. ದೊಡ್ಡ ಡಿಸ್ಕಿಗೆ ಉಷ್ಣ ಹೊರುವ ಶಕ್ತಿ ಹೆಚ್ಚು. ಹಾಗಾಗಿ 1.6ರ ಮಾಲೀಕರು 1.8ರ ಬ್ರೇಕನ್ನು ಜೋಡಿಸಿಕೊಳ್ಳುವುದು ವಾಡಿಕೆ.

ಕೂಲಿಂಗ್

ರೇಡಿಯೇಟರಿನ ನಡುಭಾಗ ಅಲ್ಯುಮಿನಿಯಮ್, ಮೇಲಿನ ಕೆಳಗಿನ ತೊಟ್ಟಿಗಳು ಕಪ್ಪು ಪ್ಲಾಸ್ಟಿಕ್ಕಿನವು. ವರ್ಷಗಳ ಬಿಸಿಗೆ ಈ ಪ್ಲಾಸ್ಟಿಕ್ಕು ಕಪ್ಪಿನಿಂದ ಹಸಿರು ಮಿಶ್ರಿತ ಕಂದಿಗೆ ತಿರುಗುತ್ತದೆ. ಕಂದು ಬಣ್ಣ ಕಂಡರೆ ಒಡೆಯುವ ಕಾಲ ಹತ್ತಿರ ಬಂತೆಂದೇ ಅರ್ಥ. ಸೋರಿಕೆ ಕಾಣುವವರೆಗೆ ಕಾಯದೆ ಬದಲಿಸಬೇಕು.

ಮುಚ್ಚಳದ ಕೆಲಸ ಬರೀ ಮುಚ್ಚುವುದಲ್ಲ. ಅದು ಸುಮಾರು 0.9 ಬಾರ್ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಕುದಿಯುವುದು ಸುಮಾರು 118 ಡಿಗ್ರಿಗೆ. ಮುಚ್ಚಳದ ರಬ್ಬರು ಸೋತರೆ ಕುದಿಬಿಂದು ಮತ್ತೆ ನೂರರ ಹತ್ತಿರಕ್ಕೆ ಇಳಿಯುತ್ತದೆ. ಕೆಲವೇ ನೂರು ರೂಪಾಯಿಯ ಭಾಗ ಇಡೀ ಎಂಜಿನ್ನನ್ನು ಕಾಯುತ್ತಿರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಈ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ ಒಂದು ಕೊರತೆಯಿದೆ. ಮೂಲದಲ್ಲಿ ಇದು ಮುಂಚಕ್ರ ಚಾಲನೆಯ ಮಾಜ್ದಾ 323 ಕಾರಿನದು, ಅಲ್ಲಿ ಅಡ್ಡಲಾಗಿ ಕೂರುತ್ತಿತ್ತು. ನೀರು ಒಂದು ತುದಿಯ ಪಂಪಿನಿಂದ ಒಳಬಂದು, ಎಲ್ಲ ಸಿಲಿಂಡರುಗಳನ್ನು ದಾಟಿ, ಇನ್ನೊಂದು ತುದಿಯ ಥರ್ಮೋಸ್ಟಾಟಿನಿಂದ ಹೊರಹೋಗುತ್ತಿತ್ತು. ಎಂಎಕ್ಸ್-5ರಲ್ಲಿ ಎಂಜಿನ್ ಉದ್ದಕ್ಕೆ ಕೂತಾಗ ಆ ತುದಿ ಚಾಲಕನ ಕಡೆಯ ಗೋಡೆಗೆ ಒತ್ತಿಕೊಂಡಿತು, ಹಾಗಾಗಿ ಥರ್ಮೋಸ್ಟಾಟನ್ನು ಮುಂದಕ್ಕೆ ತಂದರು. ಈಗ ನೀರು ಮುಂದಿನಿಂದ ಬಂದು ಮುಂದಿನಿಂದಲೇ ಹೋಗುತ್ತದೆ, ಹಿಂದಿನ ಸಿಲಿಂಡರುಗಳಿಗೆ ತಂಪು ಕಡಿಮೆ. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿಗೆ ಮೀಸಲಾದ ಕಾರುಗಳಲ್ಲಿ ನೀರಿನ ದಾರಿಯನ್ನು ಮತ್ತೆ ಹಿಂದಿನ ತುದಿಗೆ ತಿರುಗಿಸುತ್ತಾರೆ. ಇದಕ್ಕೆ ಕೂಲೆಂಟ್ ರೀರೂಟ್ ಎಂದು ಹೆಸರು.

ಕೂಲೆಂಟಿನ ಬಗ್ಗೆ ಒಂದು ಅಂಶ: ನೀರಿನ ವಿಶಿಷ್ಟೋಷ್ಣ ಕೆ.ಜಿ.ಗೆ ಡಿಗ್ರಿಯೊಂದಕ್ಕೆ 4.18 ಕಿಲೋಜೂಲ್, ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು 3.5. ಬಿಸಿ ಹೊರುವುದರಲ್ಲಿ ನೀರೇ ಮೇಲು. ತುಕ್ಕು ತಡೆಯಲು, ಕುದಿಬಿಂದು ಏರಿಸಲು, ಚಳಿ ದೇಶದಲ್ಲಿ ಹೆಪ್ಪುಗಟ್ಟದಿರಲು ಕೂಲೆಂಟ್ ಬೇಕು. ಬರೀ ನಲ್ಲಿ ನೀರು ತುಂಬುವುದು ತಪ್ಪು.

ಎಂಜಿನ್ ಮತ್ತು ಆಯಿಲ್

ಟೈಮಿಂಗ್ ಬೆಲ್ಟಿನ ಆಯುಷ್ಯ 60,000 ಮೈಲಿ, ಅಂದರೆ ಸುಮಾರು 96,000 ಕಿ.ಮೀ. ಹಳೆಯ ಕಾರು ಇಷ್ಟು ಓಡದಿದ್ದರೂ ಬೆಲ್ಟಿನ ವಯಸ್ಸು ನೋಡಿ ಬದಲಿಸಬೇಕು. ವಾಟರ್ ಪಂಪು ತಿರುಗುವುದು ಬೇರೆ ಬೆಲ್ಟಿನಿಂದ, ಆದರೆ ಅದನ್ನು ಬಿಚ್ಚಲು ಟೈಮಿಂಗ್ ಬೆಲ್ಟನ್ನು ತೆಗೆಯಲೇಬೇಕಾದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸುತ್ತಾರೆ. 1.6 ಎಂಜಿನ್ನು ನಾನ್-ಇಂಟರ್‌ಫಿಯರೆನ್ಸ್ ಬಗೆಯದು: ಬೆಲ್ಟು ತುಂಡಾದರೆ ಕಾರು ನಿಲ್ಲುತ್ತದೆ, ಪಿಸ್ಟನ್ನು ವಾಲ್ವಿಗೆ ಬಡಿಯುವುದಿಲ್ಲ.

1989ರಿಂದ 1991ರ ಮೊದಲ ಭಾಗದವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ ಗಿಡ್ಡ. ಬೆಲ್ಟ್ ಬದಲಿಸುವಾಗ ನಡುವಿನ ಬೋಲ್ಟನ್ನು ಸರಿಯಾದ ಟಾರ್ಕಿಗೆ ಬಿಗಿ ಮಾಡದಿದ್ದರೆ ಕೀ ಮತ್ತು ಕೀ ಕೂರುವ ತೋಡು ಸವೆದು ಪುಲ್ಲಿ ಅಲುಗಾಡತೊಡಗುತ್ತದೆ. ಟೈಮಿಂಗ್ ತಪ್ಪಿ ಶಕ್ತಿ ಕುಂದುತ್ತದೆ, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಹಾಳು. ಗುರುತಿಸುವ ಬಗೆ ಸುಲಭ. ಕ್ರ್ಯಾಂಕ್ ಪುಲ್ಲಿಯ ನಡುವಿನಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಪುಲ್ಲಿಯ ಅಂಚನ್ನು ಮುಂದಿನಿಂದ ದಿಟ್ಟಿಸಿ ನೋಡಿ, ಓಲಾಡದೆ ನೆಟ್ಟಗೆ ತಿರುಗುತ್ತಿರಬೇಕು. ಹಳೆಯ ಎನ್‌ಎ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎಂಜಿನ್ ಆಯಿಲನ್ನು ಟ್ರ್ಯಾಕಿಗೆ ಮುನ್ನ ಬದಲಿಸಿ, ಮಟ್ಟವನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೇ ಇಡಬೇಕು. ದೀರ್ಘ ತಿರುವಿನಲ್ಲಿ ಆಯಿಲು ಸಂಪಿನ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪು ಆಯಿಲಿನ ಬದಲು ಗಾಳಿ ಎಳೆದು ಬೇರಿಂಗು ಒಣಗುತ್ತದೆ. 1994ರವರೆಗಿನ ಕಾರುಗಳಲ್ಲಿ ಆಯಿಲ್ ಒತ್ತಡದ ಮೀಟರು ನಿಜವಾದ ಒತ್ತಡವನ್ನೇ ತೋರಿಸುತ್ತದೆ. 1995ರಿಂದ ಮುಳ್ಳು ಇದೆ, ಆದರೆ ಹಿಂದೆ ಇರುವುದು ಬರೀ ಸ್ವಿಚ್ಚು. ಒತ್ತಡ ಒಂದು ಮಿತಿಗಿಂತ ಮೇಲಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ. ಅಂಥ ಕಾರಿಗೆ ಬೇರೆ ಮೀಟರು ಹಾಕಿಸುವುದು ಸಾರ್ಥಕ ಖರ್ಚು.

ಎಂಜಿನ್ನಿನ ಹಿಂಭಾಗದಲ್ಲಿ ಆಯಿಲ್ ಒಸರುತ್ತಿದ್ದರೆ ಮೊದಲು ಕ್ಯಾಮ್ ಆಂಗಲ್ ಸೆನ್ಸಾರಿನ ಓ-ರಿಂಗ್ ನೋಡಿ. ಚಿಕ್ಕ ರಬ್ಬರ್ ಉಂಗುರ, ಗಟ್ಟಿಯಾಗಿ ಸೋರುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲು, ಡಿಫರೆನ್ಷಿಯಲ್ಲಿಗೆ ಜಿಎಲ್-5. ಅದಲುಬದಲು ಮಾಡಬಾರದು.

ಟೈರು ಮತ್ತು ವೀಲ್ ನಟ್

ಮೂಲ ಅಳತೆ 185/60 ಆರ್ 14. ವಯಸ್ಸು ತಿಳಿಯಲು ಟೈರಿನ ಪಕ್ಕದ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2318 ಎಂದರೆ 2018ರ 23ನೆಯ ವಾರ. ಹಳೆಯ ಟೈರಿನಲ್ಲಿ ಗುಂಡಿ ಆಳವಾಗಿ ಉಳಿದಿದ್ದರೂ ರಬ್ಬರು ಗಟ್ಟಿಯಾಗಿದ್ದರೆ ಹಿಡಿತವಿಲ್ಲ.

ತಣ್ಣಗಿರುವಾಗ ಕಂಪನಿ ಹೇಳುವ ಒತ್ತಡ 26 ಪಿಎಸ್‌ಐ. ಅನಿಲ ನಿಯಮದ ಲೆಕ್ಕ ಹೀಗೆ: ವಾತಾವರಣದ 14.7 ಸೇರಿಸಿ 40.7. ಟೈರು 25 ಡಿಗ್ರಿಯಿಂದ 75 ಡಿಗ್ರಿಗೆ ಬಿಸಿಯಾದರೆ ಕೆಲ್ವಿನ್‌ನಲ್ಲಿ 298ರಿಂದ 348. ಗುಣಿಸಿದರೆ 47.5, ವಾತಾವರಣದ್ದು ಕಳೆದರೆ ಸುಮಾರು 33 ಪಿಎಸ್‌ಐ. ಸರದಿ ಮುಗಿಸಿ ಬಂದ ಕೂಡಲೇ, ಟೈರು ಬಿಸಿಯಿರುವಾಗಲೇ ಒತ್ತಡ ನೋಡಿ ಹೆಚ್ಚಾದದ್ದನ್ನು ಬಿಡುವುದು ಇದಕ್ಕಾಗಿ. ಮನೆಗೆ ಹೊರಡುವ ಮುನ್ನ, ಟೈರು ಆರಿದ ಮೇಲೆ ಮತ್ತೆ ತುಂಬಿಸಬೇಕು.

ವೀಲ್ ನಟ್ಟಿನ ಟಾರ್ಕ್ 88ರಿಂದ 118 ನ್ಯೂಟನ್-ಮೀಟರ್. ಚಕ್ರಕ್ಕೆ ನಾಲ್ಕೇ ನಟ್ಟು, ಆದ್ದರಿಂದ ಒಂದು ಸಡಿಲವಾದರೂ ಕಾಲು ಭಾಗ ಹಿಡಿತ ಹೋದಂತೆ. ಎದುರುಬದುರಾಗಿ ಬಿಗಿ ಮಾಡಿ, ಟಾರ್ಕ್ ರೆಂಚಿನಿಂದ ಅಳೆಯಿರಿ. ಮೊದಲ ಸರದಿಯ ನಂತರ ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ. ಗಾಳಿಗನ್ನಿನಿಂದ ಬಿಗಿ ಮಾಡಿ ಹಾಗೇ ಟ್ರ್ಯಾಕಿಗೆ ಇಳಿಯುವುದು ಒಪ್ಪತಕ್ಕ ಅಭ್ಯಾಸವಲ್ಲ.

ಸಸ್ಪೆನ್ಷನ್

ಮೂವತ್ತು ವರ್ಷದ ಬುಷ್ಷುಗಳಿದ್ದರೆ ಅಲೈನ್‌ಮೆಂಟಿಗೆ ಅರ್ಥವಿಲ್ಲ, ಬ್ರೇಕ್ ಒತ್ತಿದ ಕೂಡಲೇ ಕೋನಗಳೇ ಬದಲಾಗುತ್ತವೆ. ಕೆಳಗಿನ ತೋಳಿನ ಉದ್ದನೆಯ ಅಲೈನ್‌ಮೆಂಟ್ ಬೋಲ್ಟುಗಳು ಬುಷ್ಷಿನ ಒಳಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಈ ಕಾರಿನ ಪರಿಚಿತ ಕಾಯಿಲೆ. ಅಲೈನ್‌ಮೆಂಟಿಗೆ ಹೋಗುವ ಕೆಲವು ದಿನ ಮುಂಚೆಯೇ ಅವುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ. ಟ್ರ್ಯಾಕಿಗೆ ಮುಂಚಕ್ರಗಳಿಗೆ 2 ಡಿಗ್ರಿಯ ಆಸುಪಾಸಿನಲ್ಲಿ ಋಣ ಕ್ಯಾಂಬರ್, ಟೋ ಸೊನ್ನೆ, ಹಿಂದೆ ಕೊಂಚ ಟೋ-ಇನ್. ಕಾರು ತಿರುವಿನಲ್ಲಿ ವಾಲಿದಾಗ ಹೊರಚಕ್ರದ ಟೈರು ಪೂರ್ತಿ ಅಗಲಕ್ಕೆ ನೆಲ ಹಿಡಿಯಲಿ ಎಂಬುದು ಋಣ ಕ್ಯಾಂಬರಿನ ಉದ್ದೇಶ.

ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ, ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್.

ತುಕ್ಕು, ರೋಲ್ ಬಾರ್, ಹೆಲ್ಮೆಟ್

ಮಡಚುವ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಹಿಂಚಕ್ರದ ಮುಂದಿರುವ ಸಿಲ್ ಭಾಗ ಒಳಗಿನಿಂದ ತುಕ್ಕು ತಿನ್ನುತ್ತದೆ. ಛಾವಣಿಯಿಲ್ಲದ ಕಾರಿಗೆ ಸಿಲ್ಲೇ ಬೆನ್ನೆಲುಬು. ಹೊರಗೆ ಪೇಂಟು ಉಬ್ಬಿದ್ದು ಕಂಡರೆ ಒಳಗಿನ ತಗಡು ಆಗಲೇ ಹೋಗಿರುತ್ತದೆ. ಅಂಥ ಕಾರನ್ನು ಟ್ರ್ಯಾಕಿಗೆ ಒಯ್ಯಬಾರದು, ಬೆಸುಗೆ ಹಾಕಿಸಿದ ಮೇಲೆ ನೋಡೋಣ.

ತೆರೆದ ಕಾರು ಮಗುಚಿದರೆ ತಲೆಗೆ ಮರೆಯಿಲ್ಲ. ಹಲವು ಆಯೋಜಕರು ರೋಲ್ ಬಾರ್ ಇಲ್ಲದ ತೆರೆದ ಕಾರನ್ನು ಒಳಗೆ ಬಿಡುವುದಿಲ್ಲ. ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ಉದ್ದನೆಯ ಕೋಲು ಇಟ್ಟು ನೋಡುತ್ತಾರೆ, ಹೆಲ್ಮೆಟ್ ಧರಿಸಿ ಕೂತ ಚಾಲಕನ ತಲೆ ಅದರ ಕೆಳಗಿರಬೇಕು. ಎತ್ತರದವರು ಸೀಟನ್ನೇ ತಗ್ಗಿಸಿಕೊಳ್ಳಬೇಕಾಗುತ್ತದೆ.

ಹೆಲ್ಮೆಟಿನ ಸ್ನೆಲ್ ಗುರುತಿನಲ್ಲಿ ಎಸ್‌ಎ ಎಂದರೆ ಕಾರು ರೇಸಿಗೆ, ಒಳಪದರ ಬೆಂಕಿ ತಡೆಯುವಂಥದ್ದು. ಎಂ ಎಂದರೆ ಬೈಕಿಗೆ. ಎಸ್‌ಎ 2015, ಎಸ್‌ಎ 2020, ಎಸ್‌ಎ 2025 ಎಂದು ಐದು ವರ್ಷಕ್ಕೊಮ್ಮೆ ಮಾನದಂಡ ಬದಲಾಗುತ್ತದೆ.

ಎನ್‌ಎ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಅದರ ಪಟ್ಟಿ ಗಟ್ಟಿಯಾಗಿದೆಯೇ ನೋಡಿ. ಡಿಕ್ಕಿಯಲ್ಲಿ, ಸೀಟಿನ ಕೆಳಗೆ ಒಂದು ಸ್ಪ್ಯಾನರೂ, ನೀರಿನ ಬಾಟಲಿಯೂ ಉಳಿದಿರಬಾರದು. ಪೆಡಲಿನ ಕೆಳಗೆ ಉರುಳಿದ ಬಾಟಲಿ ಬ್ರೇಕು ಒತ್ತಲು ಬಿಡುವುದಿಲ್ಲ.

ಬಾವುಟಗಳು

ಹಳದಿ: ಮುಂದೆ ಅಪಾಯ, ನಿಧಾನಿಸಿ, ಓವರ್‌ಟೇಕ್ ಇಲ್ಲ. ಕೆಂಪು: ಸರದಿ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ಕಪ್ಪು: ನಿಮ್ಮನ್ನೇ ಕರೆಯುತ್ತಿದ್ದಾರೆ, ಒಳಗೆ ಬನ್ನಿ. ನೀಲಿ: ಹಿಂದೆ ವೇಗದ ಕಾರಿದೆ. ಹಳದಿಯ ಮೇಲೆ ಕೆಂಪು ಪಟ್ಟಿ: ರಸ್ತೆ ಜಾರುತ್ತಿದೆ. ಕಪ್ಪು-ಬಿಳಿ ಚೌಕಳಿ: ಸರದಿ ಮುಗಿಯಿತು.

ಆ ದಿನದ ಕ್ರಮ

ಮೊದಲ ಲ್ಯಾಪು ಟೈರು, ಬ್ರೇಕು, ಆಯಿಲು ಹದಕ್ಕೆ ಬರಲಿಕ್ಕೆ. ಕೊನೆಯ ಲ್ಯಾಪು ಆರಲಿಕ್ಕೆ, ಬ್ರೇಕನ್ನು ಆದಷ್ಟು ಮುಟ್ಟದೆ ಬರಬೇಕು. ಪಿಟ್‌ನಲ್ಲಿ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯಬಾರದು, ಕುದಿಯುವ ಡಿಸ್ಕನ್ನು ಪ್ಯಾಡು ಒಂದೇ ಕಡೆ ಹಿಡಿದರೆ ಆ ಜಾಗದಲ್ಲಿ ಬಿಸಿ ಸಿಕ್ಕಿಬಿದ್ದು ಡಿಸ್ಕು ಹಾಳಾಗುತ್ತದೆ. ಗೇರಿಗೆ ಹಾಕಿ, ಚಕ್ರಕ್ಕೆ ಅಡೆ ಕೊಡಿ. ಪೆಟ್ರೋಲು ಕಾಲು ಟ್ಯಾಂಕಿಗಿಂತ ಕೆಳಗಿಳಿಯಲು ಬಿಡಬೇಡಿ, ತಿರುವಿನಲ್ಲಿ ಇಂಧನ ಬದಿಗೆ ಸರಿದು ಎಂಜಿನ್ ತಡವರಿಸುತ್ತದೆ. ಪ್ರತಿ ಸರದಿಯ ನಡುವೆ ನೋಡಬೇಕಾದದ್ದು ನಾಲ್ಕೇ: ವೀಲ್ ನಟ್, ಪ್ಯಾಡು, ಆಯಿಲ್ ಮಟ್ಟ, ಕಾರಿನ ಕೆಳಗೆ ಸೋರಿದ ಗುರುತು.

ಇಷ್ಟೆಲ್ಲ ಮಾಡಿಯೂ ಹಣ ಉಳಿದರೆ ಟರ್ಬೊ ಕಡೆ ನೋಡಬೇಡಿ. ಟ್ರ್ಯಾಕ್ ಡೇಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ತರಬೇತುದಾರರು ಸಿಗುತ್ತಾರೆ, ಅವರಿಗೆ ಕೊಡಿ. 115 ಅಶ್ವಶಕ್ತಿಯ ಕಾರನ್ನು ಅದರ ಮಿತಿಯವರೆಗೆ ಓಡಿಸಲು ಕಲಿಯುವುದಕ್ಕೇ ಬಹಳ ಕಾಲ ಬೇಕು.

ಉತ್ತರ ಬರೆಯುವವರಿಗೆ: ಏಕಮಾನ ಬಿಡಬೇಡಿ. ಟಾರ್ಕಿಗೆ ನ್ಯೂಟನ್-ಮೀಟರ್, ಟೈರಿಗೆ ಪಿಎಸ್‌ಐ, ಅನಿಲ ನಿಯಮಕ್ಕೆ ಕೆಲ್ವಿನ್. ಹಳೆಯ ಸರ್ವಿಸ್ ಪುಸ್ತಕಗಳಲ್ಲಿ ಟಾರ್ಕು ಪೌಂಡ್-ಅಡಿಯಲ್ಲಿಯೂ ಇರುತ್ತದೆ. ವೀಲ್ ನಟ್ಟಿನ 88ರಿಂದ 118 ನ್ಯೂಟನ್-ಮೀಟರ್ ಎಂದರೆ 65ರಿಂದ 87 ಪೌಂಡ್-ಅಡಿ. ಒಂದರ ಅಂಕಿಯನ್ನು ಇನ್ನೊಂದರ ಏಕಮಾನದಲ್ಲಿ ಓದಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಗ್ಯಾರೇಜಿನಲ್ಲಿ ಸ್ಟಡ್ಡು ಹೋಗುತ್ತದೆ.